ಮಡಕೆಯೇರದ ವೀರ

ಕುಮಾರರಾಮನ ಬಾಳು ಕೆಟ್ಟದ್ದು ಒಂದು ಚೆಂಡಿನಿಂದ. ಕುಮ್ಮಟದ ಕೋಟೆಯಲ್ಲಿ ಗೆಳೆಯರೊಡನೆ ಆಡುತ್ತಿದ್ದಾಗ ಅದು ಹಾರಿ ರತ್ನಾಜಿಯ ಅರಮನೆಗೆ ಬಿತ್ತು. ರತ್ನಾಜಿ ಕಂಪಿಲರಾಯನ ಕಿರಿಯ ರಾಣಿ, ವರಸೆಯಲ್ಲಿ ರಾಮನಿಗೆ ಚಿಕ್ಕವ್ವ. ಚೆಂಡು ಕೇಳಲು ಬಂದವನ ಮೇಲೆ ಅವಳಿಗೆ ಮನಸ್ಸಾಯಿತು. ಅವನು ಒಲ್ಲೆನೆಂದ. ಅವಳು ರಾಯನ ಮುಂದೆ ನಡೆದದ್ದನ್ನು ತಿರುವಿ ಹೇಳಿದಳು. ಮಗನ ತಲೆ ತೆಗೆಯಿರೆಂದು ಅಪ್ಪ ಅಪ್ಪಣೆ ಕೊಟ್ಟ. ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ, ಹುಡುಗನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟ. ಮುಂದೆ ದಿಲ್ಲಿಯ ದಂಡು ಊರ ಬಾಗಿಲಿಗೆ ಬಂದಾಗ ರಾಯ ಮಗನನ್ನು ನೆನೆದು ಹಲುಬಿದ. ಬೈಚಪ್ಪ ನೆಲಮಾಳಿಗೆಯ ಕದ ತೆಗೆದ.

ಕುಮ್ಮಟದುರ್ಗ ಇರುವುದು ಗಂಗಾವತಿ ಸೀಮೆಯ ಜಬ್ಬಲಗುಡ್ಡದ ಬಳಿ. ದಂಡು ಬಂದದ್ದು ಕಥೆಯಲ್ಲ, ಇತಿಹಾಸ. ಮುಹಮ್ಮದ್ ಬಿನ್ ತುಘಲಕ್‌ಗೆ ತಿರುಗಿಬಿದ್ದ ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದು ಕಂಪಿಲನ ಮರೆಹೊಕ್ಕ. ಕಂಪಿಲ ಬಿಟ್ಟುಕೊಡಲಿಲ್ಲ. 1327ರಲ್ಲಿ ರಾಜ್ಯ ಮುಳುಗಿತು. ಹೆಂಗಸರು ಬೆಂಕಿಗೆ ಬಿದ್ದದ್ದನ್ನೂ ರಾಯನ ಹನ್ನೊಂದು ಮಕ್ಕಳು ಸೆರೆಸಿಕ್ಕಿದ್ದನ್ನೂ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಚೆಂಡಿನ ಸುದ್ದಿ ಅವನಲ್ಲಿಲ್ಲ. ಅದನ್ನು ಉಳಿಸಿದವರು ಹಾಡುವವರು, ಬಯಲಾಟದವರು, 16ನೇ ಶತಮಾನದ ನಂಜುಂಡ ಕವಿಯಂಥ ಸಾಂಗತ್ಯಕಾರರು. ಸೋತ ರಾಜ್ಯದ ಹುಡುಗ ‘ಪರನಾರಿ ಸಹೋದರ’ನೆಂಬ ಬಿರುದು ಹೊತ್ತು ಇನ್ನೂರು ವರ್ಷದಲ್ಲಿ ಕಾವ್ಯದ ನಾಯಕನಾದ.

ಹೆಚ್ಚುಕಡಿಮೆ ಇದೇ ಕಥೆ ಗ್ರೀಕರಲ್ಲೂ ಇದೆ. ಅಲ್ಲಿ ಹುಡುಗ ಹಿಪ್ಪೊಲಿಟಸ್, ಮಲತಾಯಿ ಫೀಡ್ರಾ, ದುಡುಕುವ ಅಪ್ಪ ಥೀಸಿಯಸ್. ಅಲ್ಲಿ ಅಪ್ಪನ ಶಾಪಕ್ಕೆ ಕಡಲಿನಿಂದ ಗೂಳಿಯೊಂದು ಎದ್ದು ಬರುತ್ತದೆ, ರಥದ ಕುದುರೆಗಳು ಬೆದರುತ್ತವೆ, ಹುಡುಗ ಸಾಯುತ್ತಾನೆ. ಕ್ರಿ.ಪೂ. 428ರಲ್ಲಿ ಯೂರಿಪಿಡೀಸ್ ಇದನ್ನು ನಾಟಕವಾಗಿ ಆಡಿಸಿದ. ಫೀಡ್ರಾಳ ಸಂಕಟಕ್ಕೂ ಅವನು ಜಾಗ ಕೊಟ್ಟ. ನಮ್ಮ ರತ್ನಾಜಿಗೆ ಅಷ್ಟು ಕನಿಕರ ಸಿಕ್ಕಿದ್ದನ್ನು ನಾನಂತೂ ಕೇಳಿಲ್ಲ. ದಕ್ಷಿಣ ಇಟಲಿಯಲ್ಲಿದ್ದ ಗ್ರೀಕ್ ಕಸಬುದಾರರು ಆ ರಥವನ್ನೂ ಗೂಳಿಯನ್ನೂ ದೊಡ್ಡ ಮಣ್ಣಿನ ಪಾತ್ರೆಯ ಮೇಲೆ ಬರೆದರು. ಅಂಥದೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಚಿತ್ರ ನೋಡಿದಾಗಿನಿಂದ ನನಗೊಂದು ಹುಳ ಹೊಕ್ಕಿದೆ: ನಮ್ಮಲ್ಲೂ ಕುಂಬಾರರಿದ್ದರು, ವೀರರಿದ್ದರು. ವೀರ ಮಡಕೆಯ ಮೇಲೆ ಯಾಕೆ ಬರಲಿಲ್ಲ?

ಕಸಬು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಮೇಲೆ ಚಪ್ಪಡಿಗಳ ಮನೆಯಂಥ ನೂರಾರು ಕಲ್ಗೋರಿಗಳಿವೆ. ಜನ ಅದನ್ನು ಮೊರೇರ ಗುಡ್ಡ ಎನ್ನುತ್ತಾರೆ, ಗಿಡ್ಡ ಜಾತಿಯ ಮೊರೇರು ಕಟ್ಟಿಕೊಂಡ ಮನೆಗಳೆಂದು ನಂಬುತ್ತಾರೆ. ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ 1835ರಲ್ಲೇ ಇದನ್ನು ಗುರುತಿಸಿದ್ದ; 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ಈ ಕಲ್ಗೋರಿ ಕಾಲದ ಜನರ ಗುರುತೇ ಕಪ್ಪು-ಕೆಂಪು ಮಡಕೆ. ಒಳಗೂ ಬಾಯಂಚಿಗೂ ಕಪ್ಪು, ಹೊರಗೆ ಕೆಳಭಾಗ ಕೆಂಪು. ಬಣ್ಣ ಬಳಿದು ಮಾಡಿದ್ದಲ್ಲ ಅದು. ಮಡಕೆಯನ್ನು ಬೋರಲಾಗಿ ಬೂದಿ, ಹೊಟ್ಟಿನಲ್ಲಿ ಹುಗಿದು ಸುಟ್ಟರೆ ಗಾಳಿ ತಾಗದ ಕಡೆ ಕಪ್ಪಾಗುತ್ತದೆ, ತಾಗಿದ ಕಡೆ ಕೆಂಪಾಗುತ್ತದೆ. ಅದೇ ಶತಮಾನಗಳಲ್ಲಿ ಅಥೆನ್ಸಿನ ಕುಂಬಾರ ಆವಿಗೆಗೆ ಒಮ್ಮೆ ಗಾಳಿ ಬಿಟ್ಟು, ಒಮ್ಮೆ ಮುಚ್ಚಿ, ಮತ್ತೆ ಬಿಟ್ಟು ಇದೇ ಎರಡು ಬಣ್ಣ ತೆಗೆಯುತ್ತಿದ್ದ. ಇಬ್ಬರಿಗೂ ಗುಟ್ಟು ಒಂದೇ, ಗಾಳಿಯ ಲೆಕ್ಕ. ಅಥೆನ್ಸಿನವನು ಆ ಕಪ್ಪಿನಲ್ಲಿ ತನ್ನ ವೀರರಾದ ಅಕಿಲಿಸ್‌ನನ್ನೂ ಅಜಾಕ್ಸ್‌ನನ್ನೂ ಕೂರಿಸಿ ದಾಳ ಆಡಿಸಿದ. ಎಕ್ಸೆಕಿಯಾಸ್ ಎಂಬ ಕುಂಬಾರ ಪಾತ್ರೆಯ ಮೇಲೆ ತನ್ನ ಹೆಸರನ್ನೂ ಬರೆದುಕೊಂಡ. ನಮ್ಮವನು ಹೆಚ್ಚೆಂದರೆ ಬಿಳಿ ಗೆರೆ ಎಳೆದ. ಬೇಟೆಗಾರ, ಕುದುರೆ, ಜಿಂಕೆ, ಕುಣಿಯುವ ಸಾಲು ಇವೆಲ್ಲ ಹಿರೇಬೆಣಕಲ್‌ನಲ್ಲೂ ಇವೆ, ಆದರೆ ಗವಿಯ ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ.

ಮಡಕೆಯ ಮೇಲಿನ ಆ ಗೆರೆ ಇನ್ನೂ ನಿಂತಿಲ್ಲ. ಮದುವೆಗೆ ಕುಂಬಾರರ ಮನೆಯಿಂದ ಬಾಜಾಬಜಂತ್ರಿಯೊಡನೆ ಬರುವ ಐರಾಣಿ ಗಡಿಗೆಗಳನ್ನು ನೋಡಿ. ಸುಣ್ಣ, ಕೆಮ್ಮಣ್ಣು, ಗೆರೆ, ಚುಕ್ಕಿ, ಬಳ್ಳಿ. ಚಂದಕ್ಕೇನೂ ಕಮ್ಮಿಯಿಲ್ಲ. ಕಥೆ ಮಾತ್ರ ಇಲ್ಲ.

ನನಗೆ ತೋಚುವ ಕಾರಣ ಇಷ್ಟು. ನಮ್ಮ ಕಡೆ ಮಡಕೆ ಒಡೆಯುವುದಕ್ಕೆಂದೇ ಇರುವ ವಸ್ತು. ಹೆಣದ ಮುಂದೆ ಬೆಂಕಿ ಹೊತ್ತು ಹೋಗುತ್ತದೆ, ಸುಡುಗಾಡಿನಲ್ಲಿ ನೀರು ಸೋರಿಸಿ ಒಡೆಯುತ್ತದೆ. ಮೈಲಿಗೆಯಾದರೆ ಮೊದಲು ಹೊರಗೆ ಬೀಳುವುದೂ ಅದೇ. ನಾಳೆ ಒಡೆಯುವುದರ ಮೈಮೇಲೆ ಯಾರು ಕಥೆ ಬರೆದಾರು? ಗ್ರೀಕರ ಪಾತ್ರೆಗಳೂ ಅವರ ಮನೆಗಳಲ್ಲಿ ಉಳಿದದ್ದು ಕಡಿಮೆ. ಇಟಲಿಯ ಎಟ್ರುಸ್ಕನ್ನರು ಕೊಂಡು ತಂದು ಗೋರಿಗಳಲ್ಲಿ ಇಟ್ಟದ್ದರಿಂದ ಎಷ್ಟೋ ಹೂಜಿಗಳು ಇಡಿಯಾಗಿ ನಮ್ಮ ಕಾಲಕ್ಕೆ ಬಂದವು.

ಇಲ್ಲಿ ಕಥೆ ಗಟ್ಟಿ ಮೈ ಹುಡುಕಿಕೊಂಡು ಹೋಯಿತು. ಮೊದಲು ಕಲ್ಲಿಗೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ತುದಿಯಲ್ಲಿ ಶಿವನ ಸನ್ನಿಧಿ. ಆಮೇಲೆ ಚಾವಣಿಗೆ. ಹೊಳೆಯಾಚೆ ಹಂಪಿಯ ವಿರೂಪಾಕ್ಷನ ರಂಗಮಂಟಪದಲ್ಲಿ ಕತ್ತೆತ್ತಿದರೆ ಅರ್ಜುನ ಮತ್ಸ್ಯಯಂತ್ರಕ್ಕೆ ಗುರಿ ಹಿಡಿದಿದ್ದಾನೆ, ಮನ್ಮಥ ಶಿವನಿಗೆ ಬಾಣ ಹೂಡಿದ್ದಾನೆ, ಶಿವ ತ್ರಿಪುರ ಸುಡುತ್ತಿದ್ದಾನೆ. ಈಚೆ ಆನೆಗುಂದಿಯ ಹುಚ್ಚಪ್ಪಯ್ಯನ ಮಠದ ಚಾವಣಿಯಲ್ಲಿ ಹೆಂಗಸರೇ ಕೂಡಿ ಆನೆಯಾಗಿದ್ದಾರೆ.

ಆ ಬಣ್ಣದ ಕೈಗಳ ಸಂತತಿ ತಾವೆಂದು ಹೇಳಿಕೊಳ್ಳುವವರು ಕಿನ್ನಾಳದ ಚಿತ್ರಗಾರರು. ಕೊಪ್ಪಳದಿಂದ ಹದಿಮೂರು ಕಿಲೋಮೀಟರ್ ಆಸುಪಾಸಿನ ಊರು. ಮರದ ಗೊಂಬೆ ಎಂದು ಹೆಸರಾದರೂ ಅಲ್ಲಿ ಅರ್ಧ ಕೆಲಸ ಮರದ ಮೇಲೆ ಹತ್ತುವ ವಸ್ತುವಿನದು. ಹಗುರ ಮರ ಕೆತ್ತಿ, ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿಚಿಂದಿ, ಮರದ ಹೊಟ್ಟು, ಅದೇ ಅಂಟು ಕಲಸಿದರೆ ಕಿಟ್ಟ. ಸಂದುಗೊಂದು ಮುಚ್ಚಲು ಅದು. ಮೇಲೆ ಅರಿವೆಯ ಚೂರು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಒಡವೆ, ಕಿರೀಟಗಳನ್ನು ಆ ಲೇಪದಲ್ಲೇ ಉಬ್ಬಿಸಿ ಬಿಡಿಸುತ್ತಾರೆ. ಹೊಳಪಿಗೆ ತವರದಿಂದ ತಯಾರಿಸುವ ಲಾಜವರ ಎಂಬ ಹಳೆಯ ಪಾಕವೂ ಇತ್ತು. ಗರುಡ, ಹನುಮಂತ, ಪಲ್ಲಕ್ಕಿ, ತೊಟ್ಟಿಲು ಎಲ್ಲ ಇದೇ ಕೈಯಿಂದ. ಹನುಮಂತ ಹುಟ್ಟಿದನೆನ್ನುವ ಅಂಜನಾದ್ರಿಯ ಸೀಮೆಯಲ್ಲಿ ಅವನಿಗೆ ಗಿರಾಕಿ ಕಡಿಮೆಯಾಗುವುದು ಹೇಗೆ! ಈ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಅದೇ ತಾಲ್ಲೂಕಿನ ಮೊರನಾಳದಲ್ಲಿ ವೀರರು ತೊಗಲಿಗೆ ಇಳಿದರು. ಮರದ ಹನುಮಂತ ನಿಂತಲ್ಲಿ ನಿಲ್ಲುತ್ತಾನೆ. ತೊಗಲಿನವನು ದೀಪದ ಮುಂದೆ ಹಾರುತ್ತಾನೆ. ಬೆಳಕು ಹಾಯುವಷ್ಟು ತೆಳುವಾದ ತೊಗಲಿಗೆ ಬಣ್ಣ ತುಂಬಿ, ರಾಮಾಯಣ ಮಹಾಭಾರತವನ್ನು ರಾತ್ರಿಯಿಡೀ ಪರದೆಯ ಮೇಲೆ ಆಡಿಸುವ ಕಿಳ್ಳೇಕ್ಯಾತರ ಕಸಬು ಇದು. ಬದುಕಿಡೀ ಇದನ್ನೇ ಆಡಿಸಿಕೊಂಡು ಬಂದ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಬಂತು.

ಇಷ್ಟೆಲ್ಲದರ ನಡುವೆ ಈ ನೆಲದವನೇ ಆದ ಕುಮಾರರಾಮನೆಲ್ಲಿ? ನಾನು ನೋಡಿದ ಗೊಂಬೆಗಳ ಸಾಲಿನಲ್ಲಿ ಅವನಿರಲಿಲ್ಲ. ಗರುಡನಿಗೆ ಕೊಕ್ಕಿದೆ, ರಾವಣನಿಗೆ ಹತ್ತು ತಲೆ, ಹನುಮಂತನಿಗೆ ಬಾಲ. ದೂರದಿಂದಲೇ ಗುರುತು ಹತ್ತುತ್ತದೆ. ಕುಮಾರರಾಮನಿಗಿರುವುದು ಚೆಂಡೊಂದೇ. ಅದನ್ನು ಕೈಗೆ ಕೊಟ್ಟರೆ ಯಾರೋ ಆಟದ ಹುಡುಗ ಎಂದಾರು. ಅವನ ಕಥೆಗೆ ಬಾಯಿ ಬೇಕು: ಒಲ್ಲೆ ಎನ್ನಲು, ಸುಳ್ಳು ಹೇಳಲು, ಅಪ್ಪಣೆ ಕೊಡಲು, ಅಳಲು. ಬಯಲಾಟಕ್ಕೂ ಹಾಡಿಗೂ ಅವನು ಹೊಂದಿಕೊಂಡದ್ದು ಅದಕ್ಕೇ ಇರಬೇಕು.

ಮಡಕೆಗಿಲ್ಲದ ಅನುಕೂಲ ಮರಕ್ಕೆ ಇನ್ನೊಂದಿದೆ. ನಮ್ಮ ಕಡೆ ಊರ ದ್ಯಾಮವ್ವ ಮರದವಳು. ಜಾತ್ರೆಗೆ ಮೊದಲು ಅವಳನ್ನು ಗುಡಿಯಿಂದ ಇಳಿಸಿ ಚಿತ್ರಗಾರರಿಗೆ ಒಪ್ಪಿಸುತ್ತಾರೆ. ಹಳೆಯ ಬಣ್ಣ ಕೆರೆದು, ಬಿರುಕಿಗೆ ಮತ್ತೆ ಲೇಪ ತುಂಬಿ, ಹೊಸದಾಗಿ ಮುಖ ಬರೆಯುತ್ತಾರೆ. ಆ ದಿನಗಳಲ್ಲಿ ಗುಡಿಗೆ ಹೋಗಿ ದೇವಿಯೆಲ್ಲಿ ಎಂದು ಕೇಳಿದರೆ ಕಟ್ಟೆಯ ಮೇಲೆ ಕೂತವರು ತಲೆ ಎತ್ತದೆ ಹೇಳುತ್ತಾರೆ: “ಅವ್ವ ಬಣ್ಣಕ್ಕ ಹೋಗ್ಯಾಳ್ರಿ.”