ಹತ್ತೊಂಬತ್ತು ಪತ್ರ, ಐದು ವರ್ಷ, ಒಂದು ತೀರ್ಪು

ಲಕ್ಕಲಕಟ್ಟಿಯವರು ಹಾಕುವ ಓಟು ರೋಣ ವಿಧಾನಸಭಾ ಕ್ಷೇತ್ರದ ಲೆಕ್ಕಕ್ಕೆ ಸೇರುತ್ತದೆ. ಊರು ಈಗ ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನಲ್ಲಿದೆ. 1989ರಲ್ಲಿ ಅದು ರೋಣ ತಾಲ್ಲೂಕಿನ ಹಳ್ಳಿ, ಜಿಲ್ಲೆ ಅವಿಭಜಿತ ಧಾರವಾಡ. ಆಗಿನ ಮುಖ್ಯಮಂತ್ರಿಯೂ ಅದೇ ಜಿಲ್ಲೆಯವರು. ಶಿಗ್ಗಾವಿ ತಾಲ್ಲೂಕಿನ ಕಾರಡಗಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದ ಎಸ್.ಆರ್. ಬೊಮ್ಮಾಯಿ.

ಆ ಏಪ್ರಿಲ್‌ನಲ್ಲಿ ಜನತಾದಳದ ಶಾಸಕರೊಬ್ಬರು ಪಕ್ಷ ಬಿಟ್ಟು, ಹತ್ತೊಂಬತ್ತು ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗಿತ್ತರು. ಸರ್ಕಾರಕ್ಕೆ ನಮ್ಮ ಬೆಂಬಲವಿಲ್ಲ ಎಂಬುದು ಪತ್ರಗಳ ಸಾರ. ರಾಜ್ಯಪಾಲರು 19ನೇ ತಾರೀಖು ದಿಲ್ಲಿಗೆ ವರದಿ ಕಳಿಸಿದರು. ಮರುದಿನವೇ ಆ ಹತ್ತೊಂಬತ್ತರಲ್ಲಿ ಏಳು ಮಂದಿ ತಿರುಗಿ ಬರೆದರು: ತಪ್ಪು ತಿಳಿವಳಿಕೆ ಕೊಟ್ಟು ನಮ್ಮಿಂದ ಸಹಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ. ಬೊಮ್ಮಾಯಿ ರಾಜಭವನಕ್ಕೆ ಹೋಗಿ, 27ಕ್ಕೆ ಸದನ ಕರೆಯುತ್ತೇವೆ, ಬೇಕಾದರೆ ಇನ್ನೂ ಮುಂಚೆ ಕರೆಯುತ್ತೇವೆ, ಅಲ್ಲಿಯೇ ಬಹುಮತ ತೋರಿಸುತ್ತೇವೆ ಎಂದರು. ರಾಜ್ಯಪಾಲರಿಂದ ದಿಲ್ಲಿಗೆ ಹೋದದ್ದು ಎರಡನೇ ವರದಿ. 21ಕ್ಕೆ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು.

ಇದರಲ್ಲಿ ಆಗ ಯಾರಿಗೂ ಹೊಸತೇನೂ ಕಂಡಿರಲಿಕ್ಕಿಲ್ಲ. ರಾಜ್ಯಗಳ ಮೇಲೆ ರಾಷ್ಟ್ರಪತಿ ಆಡಳಿತ ಹೇರಲು ಬಿಡುವ, ಸಂವಿಧಾನದ 356ನೇ ವಿಧಿಯನ್ನು ದಿಲ್ಲಿಯಲ್ಲಿ ಕೂತ ಪಕ್ಷಗಳು ಮನಸ್ಸಿಗೆ ಬಂದಂತೆ ಬಳಸಿದ್ದವು. 1977ರಲ್ಲಿ ಜನತಾ ಸರ್ಕಾರ ಕಾಂಗ್ರೆಸ್‌ನ ಒಂಬತ್ತು ರಾಜ್ಯ ಸರ್ಕಾರಗಳನ್ನು ಕಳಚಿತು. 1980ರಲ್ಲಿ ಇಂದಿರಾ ಗಾಂಧಿ ಒಂಬತ್ತನ್ನೇ ಕಳಚಿ ಲೆಕ್ಕ ಚುಕ್ತಾ ಮಾಡಿದರು. ಇಂಥ ವಿಷಯದಲ್ಲಿ ಕೋರ್ಟು ಅಡ್ಡ ಬರುತ್ತದೆಂಬ ಭರವಸೆಯೂ ಹೆಚ್ಚಿಗೆ ಇರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ ಬೆಂಗಳೂರಿನ ಜೈಲಿನಲ್ಲಿದ್ದಾಗ, ಬಂಧನವನ್ನು ಪ್ರಶ್ನಿಸುವ ಅರ್ಜಿಯನ್ನು ಕೇಳಬಹುದು ಎಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ಅವೆಲ್ಲವನ್ನೂ ತಳ್ಳಿಹಾಕಿತು. ಐವರಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಅವರಿಗೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತಪ್ಪಿತು. ಆ ತೀರ್ಪನ್ನು ಕೋರ್ಟು ಬಾಯಿಬಿಟ್ಟು ಅಳಿಸಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಪ್ರಕರಣದಲ್ಲಿ. ಕಳೆದುಕೊಂಡ ಮರ್ಯಾದೆಯನ್ನು ಮರಳಿ ಪಡೆಯಲು ನಲವತ್ತೊಂದು ವರ್ಷ!

ಬೊಮ್ಮಾಯಿ ಬೆಂಗಳೂರಿನ ಹೈಕೋರ್ಟಿಗೆ ಹೋದರು. (ಧಾರವಾಡದ ಪೀಠ ಆಗಿನ್ನೂ ಬೇಡಿಕೆಯಷ್ಟೇ, ಅದು ಬಂದದ್ದು 2008ರಲ್ಲಿ. ಅಲ್ಲಿಯವರೆಗೆ ರೋಣದ ಕಡೆಯವರು ಹೈಕೋರ್ಟಿಗೆಂದರೆ ಬೆಂಗಳೂರಿಗೇ ಹೋಗಬೇಕಿತ್ತು.) ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿ ವಜಾ ಮಾಡಿತು. ಸದನದಲ್ಲೇ ಬಹುಮತ ಪರೀಕ್ಷೆ ಆಗಬೇಕೆಂಬ ಕಡ್ಡಾಯವೇನಿಲ್ಲ ಎಂಬುದು ಅದರ ನಿಲುವು. ಪ್ರಕರಣ ದಿಲ್ಲಿಯಲ್ಲಿ ತೀರ್ಮಾನವಾಗುವ ಮೊದಲೇ ಇತ್ತ ಚುನಾವಣೆಯೂ ಮುಗಿದು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು.

ಬೇರೆ ರಾಜ್ಯಗಳ ಇಂಥವೇ ಪ್ರಕರಣಗಳನ್ನೂ ಜೊತೆಗೆ ಕೇಳಿದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್‌ಗಳ ವಜಾ ಅಸಾಂವಿಧಾನಿಕ. ಬಾಬರಿ ಮಸೀದಿ ಧ್ವಂಸದ ನಂತರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲಗಳಲ್ಲಿ ಆದ ವಜಾ ಸರಿ. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು ಎಂಬ ಮಾತಿಗೆ ಆಧಾರ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರಿನ 1973ರ ತೀರ್ಪು. ಎಲ್ಲಕ್ಕಿಂತ ಹೆಚ್ಚು ಬಾಳಿದ ಮಾತು ಮಾತ್ರ ಸರಳ: ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದ ಕೋಣೆಯಲ್ಲಿ ಅಲ್ಲ, ಸದನದಲ್ಲಿ ತೀರ್ಮಾನವಾಗಬೇಕು. ರಾಷ್ಟ್ರಪತಿ ಆಡಳಿತದ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ.

ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಬೊಮ್ಮಾಯಿ ಗೆದ್ದರು, ಕುರ್ಚಿ ಮಾತ್ರ ಬರಲಿಲ್ಲ. ಆದರೂ ಆ ಹೆಸರು ಇಂದಿಗೂ ಕೋರ್ಟುಗಳಲ್ಲಿ ದಿನನಿತ್ಯದ ಮಾತಾಗಿರುವುದಕ್ಕೆ ಕಾರಣ, ತಾನೇ ಬರೆದ ನಿಯಮದ ಹಿಡಿತದೊಳಗೆ ಕೋರ್ಟು ತನ್ನನ್ನೂ ಇಟ್ಟುಕೊಂಡದ್ದು. ಆಮೇಲೆ ಯಾವ ಪಕ್ಷ ಬಂದರೂ ಅದೇ ಅಳತೆ ಬಳಸಬೇಕಾಯಿತು. ಬಿಹಾರದ 2005ರ ವಿಸರ್ಜನೆ ತಪ್ಪೆಂದಿತು. ಅಷ್ಟರಲ್ಲಿ ಮರುಚುನಾವಣೆಯ ಪ್ರಕ್ರಿಯೆ ಶುರುವಾಗಿಬಿಟ್ಟಿತ್ತು. 2016ರಲ್ಲಿ ಅರುಣಾಚಲದ ಬಿದ್ದ ಸರ್ಕಾರವನ್ನೇ ಮರಳಿ ಕೂರಿಸಿತು. ನನ್ನ ಎಣಿಕೆಯಲ್ಲಿ ಕೋರ್ಟು ನಂಬಿಕೆ ಗಳಿಸುವುದು ಒಂದು ದೊಡ್ಡ ತೀರ್ಪಿನಿಂದಲ್ಲ. ನಾಳೆ ಎದುರು ಪಕ್ಷದವರು ಬಂದಾಗಲೂ ಅದೇ ಮಾತನ್ನು ಆಡುವುದರಿಂದ, ಅದೂ ತಡವಾಗದಂತೆ.

ತಡವಾಗದಂತೆ ಆಡಿದ್ದನ್ನು ನಾವು ನೋಡಿದ್ದು 2018ರ ಮೇ ತಿಂಗಳಲ್ಲಿ. ರಾಜ್ಯಪಾಲರು ಯಡಿಯೂರಪ್ಪನವರಿಗೆ ಬಹುಮತ ತೋರಿಸಲು ಹದಿನೈದು ದಿನ ಕೊಟ್ಟಿದ್ದರು. 17ರ ನಡುರಾತ್ರಿ ಮೂವರು ನ್ಯಾಯಮೂರ್ತಿಗಳು ಕೂತು ಬೆಳಗಿನ ಜಾವದವರೆಗೆ ವಾದ ಕೇಳಿದರು. ಪ್ರಮಾಣವಚನ ತಡೆಯಲಿಲ್ಲ, ಆದರೆ ಮರುದಿನ ಹದಿನೈದು ದಿನದ ಗಡುವನ್ನು ಕಿತ್ತುಹಾಕಿ, 19ರ ಸಂಜೆ ನಾಲ್ಕಕ್ಕೇ ಸದನದಲ್ಲಿ ಪರೀಕ್ಷೆ ಎಂದರು. ಯಡಿಯೂರಪ್ಪ ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು. 1989ಕ್ಕೆ ಐದು ವರ್ಷ ಹಿಡಿದದ್ದು ಇಲ್ಲಿ ಮೂರು ದಿನಕ್ಕೆ ಮುಗಿಯಿತು.

ಇಷ್ಟರಿಂದ ಎಲ್ಲ ಸರಿಹೋಯಿತೆಂದು ಹೇಳಲಾರೆ. ಎಣಿಕೆಯ ಜಾಗ ನಿಗದಿಯಾದ ಮೇಲೆ ತಂತ್ರ ಬೇರೆ ಕಡೆ ಹೊರಳಿತು. 2019ರ ಜುಲೈನಲ್ಲಿ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟು ಮುಂಬೈಗೆ ಹೋದರು. ಕುಮಾರಸ್ವಾಮಿಯವರ ಸರ್ಕಾರ ಸದನದಲ್ಲೇ 99–105ರಿಂದ ಸೋತಿತು, ನಿಯಮದ ಪ್ರಕಾರವೇ. ಅನರ್ಹಗೊಂಡ ಹದಿನೇಳು ಶಾಸಕರ ಅನರ್ಹತೆಯನ್ನು ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತಾದರೂ, ಉಪಚುನಾವಣೆಗೆ ನಿಲ್ಲಲು ಬಿಟ್ಟಿತು. ಡಿಸೆಂಬರ್‌ನಲ್ಲಿ ಹದಿನೈದು ಕ್ಷೇತ್ರಗಳಿಗೆ ನಡೆದ ಚುನಾವಣೆಯಲ್ಲಿ ಬಿಜೆಪಿ ಹನ್ನೆರಡನ್ನು ಗೆದ್ದಿತು. ಅಲ್ಲಿನ ಮತದಾರರು ಪಕ್ಷ ಬಿಟ್ಟವರನ್ನೇ ಹೆಚ್ಚಾಗಿ ಮತ್ತೆ ಸದನಕ್ಕೆ ಕಳಿಸಿದರು.