ಹಬೆಯಿಂದ ಮರವನ್ನು ಬಾಗಿಸುವ ವಿದ್ಯೆ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬುದು ಕನ್ನಡನಾಡಿನ ಮನೆಮನೆಯ ಮಾತು. ಎಳೆಯ ವಯಸ್ಸಿನಲ್ಲಿ ತಿದ್ದದ ನಡತೆಯನ್ನು ಮುಂದೆ ತಿದ್ದುವುದು ದುಸ್ಸಾಧ್ಯವೆಂಬ ಲೋಕಾನುಭವ ಈ ಗಾದೆಯಲ್ಲಿ ಅಡಗಿದೆ. ಪಾಠಶಾಲೆಗಳಲ್ಲಂತೂ ಇದು ಅಡಿಗಡಿಗೆ ಕೇಳಿಬರುತ್ತದೆ. ತಡವಾಗಿ ಬಂದ ವಿದ್ಯಾರ್ಥಿಯ ವಿಷಯದಲ್ಲಿ ಕೈಚೆಲ್ಲಿ ಕುಳಿತುಕೊಳ್ಳುವುದಕ್ಕೆ ಒಮ್ಮೊಮ್ಮೆ ನೆಪವೂ ಆಗುತ್ತದೆ. ಆದರೆ ಮರಗೆಲಸದ ಮರ್ಮವನ್ನು ಬಲ್ಲವರು ಬೇರೊಂದು ಉತ್ತರವನ್ನು ಕೊಡುತ್ತಾರೆ. ಮರವೂ ಬಗ್ಗುತ್ತದೆ. ಒಂದಂಗುಲ ದಪ್ಪದ ಗಟ್ಟಿಮರ ಕೂಡ ಬಿಲ್ಲಿನಂತೆ ಬಾಗಿ, ಬಾಗಿದ ಆಕಾರದಲ್ಲಿಯೇ ಸ್ಥಿರವಾಗಿ ನಿಲ್ಲುತ್ತದೆ. ಅದಕ್ಕೆ ಬೇಕಾದದ್ದು ಬರಿಯ ತೋಳ್ಬಲವಲ್ಲ. ಹದವಾದ ತೇವ, ಹಬೆಯ ಶಾಖ, ತಕ್ಕಷ್ಟು ಕಾಲ, ಬೆನ್ನಿಗೊಂದು ಆಸರೆ. ಈ ನಾಲ್ಕನ್ನೂ ಒದಗಿಸುವ ಸರಳ ಸಾಧನವನ್ನು ಶಾಲೆಯ ಕರಕುಶಲ ವಿಭಾಗದಲ್ಲಾಗಲಿ ಮನೆಯ ಹಿತ್ತಲಿನಲ್ಲಾಗಲಿ ಅಲ್ಪ ವೆಚ್ಚದಲ್ಲಿ ರಚಿಸಿಕೊಳ್ಳಬಹುದು.

ಕೊಯ್ದ ಬಾಗು ಮತ್ತು ಮಣಿಸಿದ ಬಾಗು

ಕುರ್ಚಿಯ ಬೆನ್ನಿಗೆ ಒಂದು ಕಮಾನು ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಅಗಲವಾದ ಹಲಗೆಯ ಮೇಲೆ ಗೆರೆ ಎಳೆದು ಗರಗಸದಿಂದ ಕೊಯ್ದರೆ ಕಮಾನೇನೋ ದೊರೆಯುತ್ತದೆ. ಹಲಗೆಯ ಬಹುಭಾಗ ಮಾತ್ರ ಚೂರುಪಾರಾಗಿ ಒಲೆಗೆ ಹೋಗುತ್ತದೆ. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಮರದ ನಾರುಗಳು ಬೇರಿನಿಂದ ತುದಿಯ ಕಡೆಗೆ ನೀಳವಾಗಿ ಹರಿದಿರುತ್ತವೆ. ಮರದ ಬಲವೆಲ್ಲ ಆ ನಾರುಗಳಲ್ಲಿದೆ. ಗರಗಸವು ಬಾಗಿನ ಗೆರೆಯನ್ನು ಅನುಸರಿಸಿ ಸಾಗಿದಾಗ ನಾರುಗಳು ಅಡ್ಡಲಾಗಿ ತುಂಡಾಗುತ್ತವೆ. ಹಾಗೆ ತುಂಡಾದ ಎಡೆಯಲ್ಲಿಯೇ ಕಮಾನು ಒಂದು ದಿನ ಮುರಿಯುತ್ತದೆ. ಮಣಿಸಿದ ಕಮಾನಿನಲ್ಲಾದರೋ ಒಂದೊಂದು ನಾರೂ ಈ ತುದಿಯಿಂದ ಆ ತುದಿಯವರೆಗೆ ಅಖಂಡವಾಗಿ ಬಾಗಿನೊಡನೆಯೇ ಹರಿಯುತ್ತದೆ. ಆದುದರಿಂದ ತೆಳುವಾದ ಮರವೂ ಹೆಚ್ಚಿನ ಭಾರವನ್ನು ತಾಳಿಕೊಳ್ಳುತ್ತದೆ. ಕೊಯ್ದು ಪಡೆದ ಆಕಾರಕ್ಕೂ ಮಣಿಸಿ ಪಡೆದ ಆಕಾರಕ್ಕೂ ಇರುವ ಅಂತರ ಇದೇ.

ಪ್ರಾಚೀನ ಪರಂಪರೆ

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಬಡಗಿಯು ಒಳ್ಳೆಯ ಮರದ ನೇಮಿಯನ್ನು, ಎಂದರೆ ಚಕ್ರದ ಸುತ್ತುಪಟ್ಟಿಯನ್ನು, ಬಾಗಿಸುವ ಉಪಮೆ ಋಗ್ವೇದದ ಏಳನೆಯ ಮಂಡಲದಲ್ಲಿ ಬರುತ್ತದೆ. ಕೇಳುವವರಿಗೆ ಪರಿಚಿತವಲ್ಲದ ವಸ್ತು ಉಪಮಾನವಾಗಲಾರದಷ್ಟೆ. ಆ ಕಾಲದ ಜನ ಬಾಗುಮರದ ಚಕ್ರವನ್ನು ಕಂಡಿದ್ದರೆಂಬುದಕ್ಕೆ ಇದೇ ಸಾಕ್ಷಿ. ಈಜಿಪ್ಟಿನ ಅರಸು ಟುಟನ್‌ಖಾಮನ್ನನ ಸಮಾಧಿಯನ್ನು ೧೯೨೨ರಲ್ಲಿ ತೆರೆದಾಗ ದೊರೆತ, ಮೂರು ಸಾವಿರಕ್ಕೂ ಹೆಚ್ಚು ವರ್ಷಗಳಷ್ಟು ಹಳೆಯ ರಥಗಳಲ್ಲಿಯೂ ಬಾಗಿಸಿದ ಮರದ ಭಾಗಗಳಿವೆ. ಬಿದಿರಿನ ಸೀಳನ್ನು ಬೆಂಕಿಯ ಶಾಖಕ್ಕೆ ಹಿಡಿದು ಮೇದಾರರು ಬಗ್ಗಿಸುವುದು ಕನ್ನಡನಾಡಿಗೆ ಹೊಸ ನೋಟವಲ್ಲ. ಆದರೆ ಎತ್ತಿನ ಗಾಡಿಯ ಚಕ್ರದ ಸುತ್ತುಪಟ್ಟಿಯನ್ನು ಹಳ್ಳಿಯ ಬಡಗಿಗಳು ಸಾಮಾನ್ಯವಾಗಿ ತುಂಡುತುಂಡಾಗಿ ಕೊಯ್ದು ಜೋಡಿಸಿ, ಕಾದ ಕಬ್ಬಿಣದ ಪಟ್ಟಿಯಿಂದ ಬಿಗಿಯುತ್ತ ಬಂದಿದ್ದಾರೆ.

ಈ ವಿದ್ಯೆಯನ್ನು ಮಹೋದ್ಯಮವನ್ನಾಗಿ ಬೆಳೆಸಿದವನು ಮೈಕೇಲ್ ಥೋನೆಟ್. ೧೭೯೬ರಲ್ಲಿ ರೈನ್ ನದೀತೀರದ ಬೊಪ್ಪಾರ್ಡಿನಲ್ಲಿ ಹುಟ್ಟಿದ ಈ ಬಡಗಿ ಮೊದಮೊದಲು ಮರದ ತೆಳುಪಟ್ಟಿಗಳನ್ನು ಅಂಟಿನಿಂದ ಕೂಡಿಸಿ ಬಾಗಿಸುತ್ತಿದ್ದನು. ತೇವ ತಗುಲಿದರೆ ಅಂಟು ಬಿಡುವ ತೊಡಕು ಅದರಲ್ಲಿತ್ತು. ೧೮೪೨ರಲ್ಲಿ ವಿಯೆನ್ನಾ ನಗರಕ್ಕೆ ಹೋಗಿ ನೆಲೆಸಿದ ಅವನು, ೧೮೫೬ರಲ್ಲಿ ಇಡಿಯ ಮರವನ್ನೇ ಬಾಗಿಸುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ೧೮೫೯ರ ಅವನ ‘೧೪ನೆಯ ನಂಬರಿನ ಕುರ್ಚಿ’ ಜಗತ್ಪ್ರಸಿದ್ಧವಾಯಿತು. ಆರು ಮರದ ಭಾಗಗಳು, ಹತ್ತು ತಿರುಪುಮೊಳೆಗಳು, ಎರಡು ನಟ್ಟುಗಳು. ಆ ಕುರ್ಚಿಯೆಂದರೆ ಇಷ್ಟೇ. ಬಿಚ್ಚಿದ ಮೂವತ್ತಾರು ಕುರ್ಚಿಗಳು ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಇಂದಿಗೂ ಕಾಣುವ ಬಾಗುಮರದ ಕುರ್ಚಿಗಳು ಈ ಪರಂಪರೆಗೆ ಸೇರಿದವು.

ಮರದ ಒಳಗೆ ನಡೆಯುವುದೇನು?

ಮರದಲ್ಲಿ ಸೆಲ್ಯುಲೋಸಿನ ಎಳೆಗಳಿವೆ. ಆ ಎಳೆಗಳನ್ನು ಒಂದಕ್ಕೊಂದು ಬೆಸೆದು ಹಿಡಿಯುವ ಲಿಗ್ನಿನ್ ಎಂಬ ಅಂಟುವಸ್ತುವಿದೆ. ಗೋಡೆಗೆ ಇಟ್ಟಿಗೆಯೂ ಗಾರೆಯೂ ಇದ್ದಂತೆ ಎನ್ನಬಹುದು. ತಣ್ಣಗಿರುವಾಗ ಗಡುಸಾಗಿರುವ ಲಿಗ್ನಿನ್, ತೇವದೊಡನೆ ೧೦೦ ಡಿಗ್ರಿ ಸೆಲ್ಸಿಯಸ್ಸಿನ ಸಮೀಪದ ಶಾಖ ತಗುಲಿದಾಗ ಮೆತ್ತಗಾಗುತ್ತದೆ. ಆಗ ಎಳೆಗಳು ಒಂದರ ಪಕ್ಕದಲ್ಲೊಂದು ಸರಿಯಬಲ್ಲವು. ಮರ ಮತ್ತೆ ಆರಿ ಒಣಗಿದಾಗ ಲಿಗ್ನಿನ್ ಗಡುಸಾಗಿ, ಎಳೆಗಳು ಹೊಸ ಸ್ಥಾನದಲ್ಲಿಯೇ ನೆಲೆಗೊಳ್ಳುತ್ತವೆ. ಹಬೆಯಲ್ಲಿ ಬೆಂದ ಇಡ್ಲಿ ಒಣಗದಂತೆಯೇ ಹಬೆಯಲ್ಲಿ ಕಾದ ಮರವೂ ಒಣಗಿ ಸೀಳದು. ಬರಿಯ ಬೆಂಕಿಗಿಂತ ಹಬೆ ಮೇಲೆನಿಸುವುದು ಈ ಕಾರಣದಿಂದ.

ಆದರೆ ಒಂದು ಮುಖ್ಯ ನಿಯಮವನ್ನು ಮರೆಯಬಾರದು. ಹಬೆಯಲ್ಲಿ ಹದವಾದ ಒಳ್ಳೆಯ ಮರವನ್ನು ಅದರ ಉದ್ದದ ನೂರಕ್ಕೆ ಇಪ್ಪತ್ತೈದರಷ್ಟು ಒತ್ತಿ ಕುಗ್ಗಿಸಬಹುದು. ಹಿಗ್ಗಿಸಲು ಮಾತ್ರ ನೂರಕ್ಕೆ ಒಂದೆರಡರಷ್ಟಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಒಂದಂಗುಲ ದಪ್ಪದ ಪಟ್ಟಿಯನ್ನು ಒಳಮೈಗೆ ಎಂಟಂಗುಲ ತ್ರಿಜ್ಯ ಬರುವಂತೆ ಬಾಗಿಸಿದರೆ ಹೊರಮೈಯ ತ್ರಿಜ್ಯ ಒಂಬತ್ತಂಗುಲವಾಗುತ್ತದೆ. ಒಳಮೈ ಎಂಟು ಪಾಲು ಉದ್ದವಾದರೆ ಹೊರಮೈ ಒಂಬತ್ತು ಪಾಲು ಇರಬೇಕೆಂದು ಇದರ ಅರ್ಥ. ಆಸರೆಯಿಲ್ಲದೆ ಬಾಗಿಸಿದರೆ ಹೊರಮೈ ಹಿಗ್ಗಲು ಹೋಗಿ ಸಿಡಿಯುತ್ತದೆ. ಹೊರಮೈಗೆ ಲೋಹದ ಪಟ್ಟಿಯೊಂದನ್ನು ಹೊಂದಿಸಿ, ಅದರ ಎರಡು ತುದಿಗಳಲ್ಲಿಯೂ ಮರದ ಕೊನೆಗಳಿಗೆ ಅಂಟಿನಿಂತಿರುವಂತೆ ತಡೆಗಟ್ಟೆಗಳನ್ನು ಬಿಗಿದರೆ ಹೊರಮೈ ಹಿಗ್ಗಲಾರದು. ಒಳಮೈ ಒಂಬತ್ತರಲ್ಲಿ ಒಂದು ಪಾಲು ಕುಗ್ಗಿ ಬಾಗು ಸಿದ್ಧಿಸುತ್ತದೆ. ಕುಗ್ಗುವುದು ಮರಕ್ಕೆ ಸಾಧ್ಯ, ಹಿಗ್ಗುವುದು ಅಸಾಧ್ಯ. ಥೋನೆಟ್ಟನ ಯಶಸ್ಸಿನ ಗುಟ್ಟು ಈ ಬೆನ್ನುಪಟ್ಟಿಯಲ್ಲಿಯೇ ಇತ್ತು.

ಮರದ ಆಯ್ಕೆ

ಎಲ್ಲ ಮರಗಳೂ ಸಮನಾಗಿ ಬಾಗುವುದಿಲ್ಲ. ಶೀತದೇಶಗಳ ಬೀಚ್, ಆಶ್, ಓಕ್ ಮರಗಳು ಚೆನ್ನಾಗಿ ಬಾಗುತ್ತವೆ. ಉಷ್ಣದೇಶದ ಮರಗಳಲ್ಲಿ ಅನೇಕವು ಅಷ್ಟು ಸುಲಭವಾಗಿ ಮಣಿಯವು. ತೇಗಕ್ಕೆ ಮಧ್ಯಮ ಸ್ಥಾನ. ಭಾರತದಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಹಿಪ್ಪುನೇರಳೆ. ಯಾವ ಮರದ ಎಲೆ ಕನ್ನಡನಾಡಿನ ರೇಷ್ಮೆಹುಳುವಿಗೆ ಆಹಾರವೋ ಅದೇ ಜಾತಿಯ ಮರವನ್ನು ಜಲಂಧರ, ಮೀರತ್ ನಗರಗಳ ಕುಶಲಿಗಳು ಹಬೆಯಲ್ಲಿ ಬಾಗಿಸಿ ಹಾಕಿ ಕೋಲಿನ ತುದಿಯ ಕೊಕ್ಕೆಯನ್ನು ಮಾಡುತ್ತಿದ್ದರು. ಜಾತಿ ಯಾವುದೇ ಆಗಿರಲಿ, ನಾರು ನೇರವಾಗಿರಬೇಕು. ಗಂಟು, ಬಿರುಕು, ಹುಳುಕು ಇರಕೂಡದು. ಗಾಳಿಯಲ್ಲಿ ಅರೆಯೊಣಗಿದ, ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದರಷ್ಟು ತೇವವುಳ್ಳ ಮರ ಶ್ರೇಷ್ಠ. ಕೃತಕ ಶಾಖದಿಂದ ಪೂರ್ತಿ ಒಣಗಿಸಿದ ಮರ ಮಣಿಯಲು ಒಲ್ಲದು.

ಹಬೆಪೆಟ್ಟಿಗೆಯ ರಚನೆ

ಸಾಧನಕ್ಕೆ ಮೂರು ಅಂಗಗಳು: ನೀರು ಕುದಿಸುವ ಪಾತ್ರೆ, ಹಬೆಯನ್ನು ಒಯ್ಯುವ ಕೊಳವೆ, ಮರವನ್ನು ಇಡುವ ಪೆಟ್ಟಿಗೆ.

ಪಾತ್ರೆಗೆ ಹದಿನೈದು ಇಪ್ಪತ್ತು ಲೀಟರು ನೀರು ಹಿಡಿಯುವ ಲೋಹದ ಡಬ್ಬಿ ಅಥವಾ ಹಳೆಯ ಹಂಡೆ ಸಾಕು. ಪೆಟ್ರೋಲ್, ಬಣ್ಣ, ಕೀಟನಾಶಕಗಳನ್ನು ತುಂಬಿದ್ದ ಡಬ್ಬಿಯನ್ನು ಎಷ್ಟು ತೊಳೆದರೂ ಬಳಸಬಾರದು. ಮುಚ್ಚಳದಲ್ಲಿ ರಂಧ್ರ ಕೊರೆದು ಕೊಳವೆಯನ್ನು ಕೂಡಿಸಿ, ಸಂದುಗಳನ್ನು ಹಿಟ್ಟಿನ ಕಣಕದಿಂದ ಮೆತ್ತಬಹುದು. ಲಾರಿಯ ರೇಡಿಯೇಟರಿಗೆ ಹಾಕುವ ರಬ್ಬರ್ ಕೊಳವೆ ಶಾಖವನ್ನು ತಾಳುತ್ತದೆ. ಎರಡು ಕಿಲೋವಾಟಿನ ಒಲೆ ಗಂಟೆಗೆ ಸುಮಾರು ಮೂರು ಲೀಟರು ನೀರನ್ನು ಹಬೆಯಾಗಿಸಬಲ್ಲದು. ಎರಡು ಮೂರು ಗಂಟೆಯ ಕೆಲಸಕ್ಕೆ ಬೇಕಾದ ನೀರನ್ನು ಮೊದಲೇ ಲೆಕ್ಕಹಾಕಿ ತುಂಬಿರಬೇಕು.

ಪೆಟ್ಟಿಗೆಯನ್ನು ಮುಕ್ಕಾಲು ಅಂಗುಲ ದಪ್ಪದ ಹಲಗೆಗಳಿಂದ, ಒಳಗೆ ಆರಂಗುಲ ಚೌಕವಾಗಿ ನಾಲ್ಕೈದು ಅಡಿ ಉದ್ದಕ್ಕೆ ಕಟ್ಟಬೇಕು. ಪಿ.ವಿ.ಸಿ. ಕೊಳವೆ ಸುಲಭವೆಂದು ತೋರಿದರೂ ಹಬೆಯ ಶಾಖಕ್ಕೆ ಅದೇ ಮೆತ್ತಗಾಗಿ ಜೋಲುತ್ತದೆ. ಪೆಟ್ಟಿಗೆಯ ಒಳಗೆ ಅಡಿಗೊಂದರಂತೆ ಮರದ ಅಡ್ಡಗೂಟಗಳನ್ನು ಹೊಡೆದು, ಬಾಗಿಸುವ ಪಟ್ಟಿಯನ್ನು ಅವುಗಳ ಮೇಲೆ ಇಟ್ಟರೆ ಹಬೆ ನಾಲ್ಕು ಕಡೆಯೂ ಸುಳಿದಾಡುತ್ತದೆ. ಕೊಳವೆ ಪೆಟ್ಟಿಗೆಯ ತಳದ ನಡುವೆ ಸೇರಲಿ. ಒಂದು ತುದಿ ಮುಚ್ಚಿರಲಿ. ಇನ್ನೊಂದು ತುದಿಗೆ ಸಡಿಲವಾದ ಬಾಗಿಲಿರಲಿ. ಪೆಟ್ಟಿಗೆಯನ್ನು ಒಂದೆರಡು ಅಂಗುಲ ಓರೆಯಾಗಿಟ್ಟು, ತಗ್ಗಿನ ತುದಿಯಲ್ಲಿ ಸಣ್ಣ ರಂಧ್ರವನ್ನು ಕೊರೆದರೆ ತಣಿದ ನೀರು ಬಸಿದು ಬಕೆಟಿಗೆ ಬೀಳುತ್ತದೆ. ಮೇಲೆ ಗೋಣಿತಟ್ಟು ಹೊದಿಸಿದರೆ ಶಾಖ ಉಳಿಯುತ್ತದೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ನೀರು ಸುಮಾರು ೯೭ ಡಿಗ್ರಿಗೇ ಕುದಿಯುತ್ತದೆ. ಕೆಲಸಕ್ಕೆ ಅಷ್ಟು ಸಾಕು.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಯೊಂದಿದೆ. ಒಂದು ಲೀಟರು ನೀರು ಹಬೆಯಾದಾಗ ಸಾವಿರದ ಆರುನೂರು ಲೀಟರಿಗೂ ಹೆಚ್ಚಿನ ಸ್ಥಳವನ್ನು ಬೇಡುತ್ತದೆ. ಆ ಹಬೆಗೆ ಹೊರದಾರಿ ಇಲ್ಲವಾದರೆ ಪಾತ್ರೆ ಸಿಡಿದು ಹತ್ತಿರ ನಿಂತವರ ಜೀವವನ್ನೇ ಕಳೆಯಬಹುದು. ಮರಕ್ಕೆ ಬೇಕಾದದ್ದು ಶಾಖವೇ ಹೊರತು ಒತ್ತಡವಲ್ಲ. ಆದುದರಿಂದ ಕೊಳವೆಗೆ ನಲ್ಲಿ ಹಾಕಕೂಡದು, ಕೊಳವೆ ಮಡಿಚಿಕೊಳ್ಳಲು ಬಿಡಕೂಡದು, ಬಸಿಯುವ ರಂಧ್ರವನ್ನೂ ಬಾಗಿಲನ್ನೂ ಬಿಗಿಯಾಗಿ ಮುಚ್ಚಕೂಡದು, ಪಾತ್ರೆ ಬರಿದಾಗಲು ಬಿಡಕೂಡದು. ಕಣ್ಣಿಗೆ ಬಿಳಿಯಾಗಿ ಕಾಣುವುದು ತಣಿದ ನೀರಹನಿಗಳ ಮೋಡ. ನಿಜವಾದ ಹಬೆ ಅದೃಶ್ಯ. ಬಾಗಿಲು ತೆರೆಯುವವನು ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಕೈಗೆ ಒಣಗಿದ ಚರ್ಮದ ಗವಸು ಬೇಕು. ಒದ್ದೆಯಾದ ಬಟ್ಟೆ ಶಾಖವನ್ನು ತಡೆಯದು. ವಿದ್ಯಾರ್ಥಿಗಳು ಮಾಡುವಾಗ ಹಿರಿಯರೊಬ್ಬರು ಆದ್ಯಂತವಾಗಿ ಜೊತೆಗಿರಬೇಕು.

ಬಾಗಿಸುವ ಕ್ರಮ

ಮರವನ್ನು ಹಬೆಗೆ ಇಡುವ ಮೊದಲೇ ಅಚ್ಚು ಸಿದ್ಧವಾಗಿರಬೇಕು. ದಪ್ಪ ಹಲಗೆಗಳನ್ನು ಬೇಕಾದ ಬಾಗಿಗೆ ಕೊಯ್ದು ಒಂದರ ಮೇಲೊಂದು ಜೋಡಿಸಿ ಗಟ್ಟಿಯಾದ ಮೇಜಿಗೆ ಬಿಗಿಯಬೇಕು. ಮರ ತಣಿದ ಮೇಲೆ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುವುದರಿಂದ ಅಚ್ಚಿನ ಬಾಗು ಬೇಕಾದದ್ದಕ್ಕಿಂತ ತುಸು ಹೆಚ್ಚಾಗಿಯೇ ಇರಲಿ. ಕ್ಲ್ಯಾಂಪುಗಳು, ಬೆಣೆಗಳು, ಬೆನ್ನುಪಟ್ಟಿ ಎಲ್ಲವೂ ಕೈಗೆಟಕುವಂತಿರಲಿ. ತಣ್ಣನೆಯ ಮರದೊಡನೆ ಒಮ್ಮೆ ಒಣ ಅಭ್ಯಾಸ ಮಾಡಿ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ನಿಶ್ಚಯಿಸಿಕೊಳ್ಳಬೇಕು.

ಪೆಟ್ಟಿಗೆ ಚೆನ್ನಾಗಿ ಕಾದ ಮೇಲೆ ಮರವನ್ನು ಒಳಗಿಡಬೇಕು. ಒಂದಂಗುಲ ದಪ್ಪಕ್ಕೆ ಒಂದು ಗಂಟೆ ಎಂಬುದು ಬಡಗಿಗಳ ಲೆಕ್ಕ. ಅರ್ಧ ಅಂಗುಲಕ್ಕೆ ಅರ್ಧ ಗಂಟೆ. ಹೆಚ್ಚು ಹೊತ್ತು ಇಟ್ಟರೆ ಹೆಚ್ಚು ಗುಣವೆಂಬುದು ಭ್ರಮೆ. ಅತಿಯಾಗಿ ಬೆಂದ ಮರದ ಒಳಮೈ ಬಾಗಿಸುವಾಗ ಸುಕ್ಕುಗಟ್ಟಬಹುದು. ಹೊರತೆಗೆದ ಮೇಲೆ ತಡಮಾಡುವಂತಿಲ್ಲ. ಅರೆನಿಮಿಷದೊಳಗೆ ಬೆನ್ನುಪಟ್ಟಿಯಲ್ಲಿ ಕೂಡಿಸಿ, ಒಂದು ನಿಮಿಷದೊಳಗೆ ಬಾಗಿಸಲು ತೊಡಗಿರಬೇಕು. ಜಗ್ಗಿ ಎಳೆಯದೆ, ಅರ್ಧದಲ್ಲಿ ನಿಲ್ಲದೆ, ಒಂದೇ ಸಮನಾದ ನಿಧಾನಗತಿಯಲ್ಲಿ ಅಚ್ಚಿಗೆ ಒರಗಿಸುತ್ತ ಹೋಗಿ, ಒಂದೊಂದೆಡೆಯಲ್ಲಿಯೂ ಕ್ಲ್ಯಾಂಪನ್ನು ಬಿಗಿಯಬೇಕು.

ಬೆನ್ನುಪಟ್ಟಿ ಕಬ್ಬಿಣದ್ದಾದರೆ ಒಗರಿನ ಅಂಶವುಳ್ಳ ಮರದ ಮೇಲೆ ಕಪ್ಪು ಕಲೆ ಮೂಡುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣದ ಲವಣವಾದ ಅನ್ನಭೇದಿಯನ್ನು ಸೇರಿಸಿ ಹಿಂದಿನವರು ಶಾಯಿ ಮಾಡುತ್ತಿದ್ದುದು ಈ ಗುಣದಿಂದಲೇ. ಕಲೆ ಬೇಡವಾದರೆ ನಡುವೆ ಪ್ಲಾಸ್ಟಿಕ್ ಹಾಳೆಯನ್ನು ಇಡಬೇಕು, ಇಲ್ಲವೇ ತುಕ್ಕು ಹಿಡಿಯದ ಉಕ್ಕಿನ ಪಟ್ಟಿಯನ್ನು ಬಳಸಬೇಕು.

ಬಾಗಿಸಿದ ಮರವನ್ನು ಒಂದು ದಿನವಾದರೂ ಅಚ್ಚಿನಲ್ಲಿಯೇ ಬಿಡಬೇಕು. ಆಮೇಲೆ ಎರಡು ತುದಿಗಳ ನಡುವೆ ಅಡ್ಡಪಟ್ಟಿ ಬಿಗಿದು, ನೆರಳಿನಲ್ಲಿ ಒಂದು ವಾರ ಆರಲು ಇಟ್ಟರೆ ಆಕಾರ ನಿಲ್ಲುತ್ತದೆ. ಅವಸರದಿಂದ ಬಿಚ್ಚಿದರೆ ಮರ ತನ್ನ ಹಳೆಯ ನೇರಕ್ಕೆ ಮರಳಲು ಹವಣಿಸುತ್ತದೆ. ಎಚ್ಚರದಿಂದ ಮಾಡಿದರೂ ಕೆಲವು ತುಂಡುಗಳು ಮುರಿಯುತ್ತವೆ. ನುರಿತವರೂ ಇದಕ್ಕೆ ಹೊರತಲ್ಲ. ಮೂರು ಬೇಕಾದರೆ ನಾಲ್ಕನ್ನು ಹಬೆಗೆ ಇಡುವುದು ಜಾಣತನ. ಮುರಿದದ್ದನ್ನು ಬಿಸಾಡದೆ ಸೀಳಿ ನೋಡಿದರೆ, ನಾರು ಎಲ್ಲಿ ಓರೆಯಾಗಿತ್ತು, ಗಂಟು ಎಲ್ಲಿ ಅಡಗಿತ್ತು ಎಂಬುದು ತಿಳಿಯುತ್ತದೆ.

ಹಾಗಾದರೆ ಹಿರಿಯರ ಗಾದೆ ಸುಳ್ಳೇ? ಸುಳ್ಳಲ್ಲ. ಗಿಡವು ಕೈಬೆರಳಿಗೇ ಬಗ್ಗುತ್ತದೆ, ಮರ ಹಾಗೆ ಬಗ್ಗದು ಎಂಬಷ್ಟು ಅದು ಸತ್ಯ. ಒಣಮರವನ್ನು ಬಲದಿಂದ ಬಗ್ಗಿಸಹೊರಟವನ ಕೈಯಲ್ಲಿ ಎರಡು ತುಂಡು ಉಳಿಯುತ್ತದೆ; ತೇವವನ್ನೂ ಶಾಖವನ್ನೂ ಕಾಲವನ್ನೂ ಕೊಟ್ಟು, ಬೆನ್ನಿಗೆ ಆಸರೆಯಾಗಿ ನಿಂತವನ ಕೈಯಲ್ಲಿ ಒಂದು ಕಮಾನು ಉಳಿಯುತ್ತದೆ. ‘ಮರವಾಗಿ ಬಗ್ಗೀತೇ?’ ಎಂಬ ಪ್ರಶ್ನೆಗೆ ಉತ್ತರ ಹೇಳುವ ಮೊದಲು, ಬಗ್ಗಿಸಲು ಹೊರಟವನು ಈ ನಾಲ್ಕನ್ನೂ ಒದಗಿಸಿದ್ದನೇ ಎಂದು ಕೇಳುವುದು ನ್ಯಾಯ.