ಮೂರನೆಯವರ ಟಿಕ್ ಮೊದಲನೆಯವರ ಪಾಲಾದಾಗ

ರೈಲು ಟಿಕೆಟ್ ಕಾಯ್ದಿರಿಸುವಂಥ ಫಾರಂ ಒಂದನ್ನು ನೆನೆಯಿರಿ. ‘ಪ್ರಯಾಣಿಕರನ್ನು ಸೇರಿಸಿ’ ಎಂಬ ಗುಂಡಿ ಒತ್ತಿದರೆ ಹೆಸರು, ವಯಸ್ಸು ತುಂಬಲು ಹೊಸ ಸಾಲು ಮೂಡುತ್ತದೆ. ಅದನ್ನು ಮೊದಲೇ ಬರೆದಿಟ್ಟಿರುವುದಿಲ್ಲ, ಬ್ರೌಸರಿನಲ್ಲಿರುವ ಜಾವಾಸ್ಕ್ರಿಪ್ಟ್ ಆ ಕ್ಷಣದಲ್ಲೇ ಹೆಣೆದು ಕೊಡುತ್ತದೆ. ಎಷ್ಟು ಸಾಲು ಬಂದೀತು ಎಂಬುದು ಫಾರಂ ಪಡೆಯುವ ಸರ್ವರ್ ಕಂಪ್ಯೂಟರಿಗೆ ಮೊದಲೇ ಗೊತ್ತಿಲ್ಲ. ಹಾಗಾದರೆ ತುಂಬಿದ್ದನ್ನು ಅದು ಓದುವುದು ಹೇಗೆ?

ನಾವು ನೋಡುವ ಪುಟ ಸರ್ವರ್‌ಗೆ ಕಾಣುವುದೇ ಇಲ್ಲ. ‘ಸಲ್ಲಿಸಿ’ ಒತ್ತಿದಾಗ ಬಣ್ಣ, ಚೌಕ, ಸಾಲುಗಳೆಲ್ಲ ಬ್ರೌಸರಿನಲ್ಲೇ ಉಳಿಯುತ್ತವೆ. ಹೊರಡುವುದು ಅಕ್ಷರಗಳ ಒಂದು ಉದ್ದನೆಯ ಸರ ಮಾತ್ರ: ಫೀಲ್ಡಿನ ಹೆಸರು, ಸಮ ಚಿಹ್ನೆ, ಅದರಲ್ಲಿ ತುಂಬಿದ ಮೌಲ್ಯ, ಆಮೇಲೆ ‘&’, ಮತ್ತೆ ಮುಂದಿನ ಫೀಲ್ಡ್. ತೆರಪು ‘+’ ಆಗುತ್ತದೆ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್. ಬೈಟೊಂದಕ್ಕೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ‘ಕನ್ನಡ’ ಪದದಲ್ಲಿ ಒತ್ತಕ್ಷರದ ಹಲಂತವೂ ಸೇರಿ ಐದು ಸಂಕೇತಗಳಿರುವುದರಿಂದ ಅದು 45 ಅಕ್ಷರಗಳಾಗಿ ಸಾಗುತ್ತದೆ. 1995ರ ಎಚ್‌ಟಿಎಂಎಲ್ 2.0 ದಾಖಲೆಯಲ್ಲಿದ್ದ ಈ ಕ್ರಮವನ್ನೇ ಸಾಮಾನ್ಯ ಫಾರಂಗಳು ಇಂದಿಗೂ ಬಳಸುತ್ತಿವೆ.

ಹೀಗಾಗಿ ಎಲ್ಲವೂ ನಿಂತಿರುವುದು ಫೀಲ್ಡಿನ ಹೆಸರಿನ ಮೇಲೆ. ಹೆಸರಿಲ್ಲದ ಫೀಲ್ಡ್ ರವಾನೆಯೇ ಆಗದು.

ರಾಸ್ಮಸ್ ಲೆರ್ಡಾರ್ಫ್ ರೂಪಿಸಿದ, ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಭಾಷೆ ಬೆಳೆಯುತ್ತ, ಎಷ್ಟೇ ಸಾಲು ಬಂದರೂ ಓದಲು ಒಂದು ಸೊಗಸಾದ ಉಪಾಯ ಕಂಡುಕೊಂಡಿತು. ಹೆಸರಿನ ಕೊನೆಗೆ ಖಾಲಿ ಚೌಕಾವರಣ ‘[]’ ಇದ್ದರೆ, ಅದೇ ಹೆಸರಿನಲ್ಲಿ ಬಂದ ಮೌಲ್ಯಗಳನ್ನೆಲ್ಲ ಅದು ಒಂದೇ ಪಟ್ಟಿಗೆ ಸೇರಿಸುತ್ತದೆ. ಆರು ಪ್ರಯಾಣಿಕರಿದ್ದರೆ ಹೆಸರುಗಳ ಪಟ್ಟಿಯಲ್ಲಿ ಆರು ನಮೂದು.

ಆದರೆ ಚೆಕ್‌ಬಾಕ್ಸ್ ಬಂದಲ್ಲಿ ಈ ಉಪಾಯ ಕೈಕೊಡುತ್ತದೆ. ಟಿಕ್ ಮಾಡದ ಚೆಕ್‌ಬಾಕ್ಸನ್ನು ಬ್ರೌಸರ್ ಕಳಿಸುವುದೇ ಇಲ್ಲ, ‘ಇಲ್ಲ’ ಎಂದು ಕೂಡ ಹೇಳುವುದಿಲ್ಲ. ಪ್ರತಿ ಸಾಲಿನಲ್ಲೂ ‘ಹಿರಿಯ ನಾಗರಿಕರು’ ಎಂಬ ಚೆಕ್‌ಬಾಕ್ಸ್ ಇದ್ದು, ಮೂವರಲ್ಲಿ ಕೊನೆಯವರೊಬ್ಬರೇ ಹಿರಿಯ ನಾಗರಿಕರು ಎನ್ನೋಣ. ಹೆಸರುಗಳು ಮೂರು ಬರುತ್ತವೆ, ಟಿಕ್ ಒಂದೇ ಬರುತ್ತದೆ, ಅದು ತನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಹಿಡಿಯುತ್ತದೆ. ಎರಡೂ ಪಟ್ಟಿಗಳನ್ನು ಜೋಡಿಸಿ ಓದಿದರೆ, ಮೊದಲ ಸಾಲಿನ ಕಾಲೇಜು ಹುಡುಗನೇ ಹಿರಿಯ ನಾಗರಿಕನಾಗುತ್ತಾನೆ! ದೋಷದ ಸಂದೇಶವೂ ಬರದ ಕಾರಣ ಇದು ತುಂಬ ಅಪಾಯಕಾರಿ.

ಚೌಕಾವರಣದೊಳಗೆ ಸಾಲಿನ ಸಂಖ್ಯೆಯನ್ನೂ ಬರೆದರೆ ತೊಡಕು ತೀರಿತು: ಎರಡು ಎಂದು ಗುರುತಾದ ಹೆಸರಿಗೆ ಎರಡು ಎಂದು ಗುರುತಾದ ಟಿಕ್. ಬಳಕೆದಾರರು ನಡುವಿನ ಸಾಲು ಅಳಿಸಿದರೆ ಆ ಸಂಖ್ಯೆ ಬಿಟ್ಟುಹೋಗುತ್ತದೆ. ಆದ್ದರಿಂದ ಕ್ರಮವಾಗಿ ಎಣಿಸದೆ, ಬಂದಿರುವ ಸಂಖ್ಯೆಗಳನ್ನೇ ಹಿಡಿದು ಓದಬೇಕು.

ದೊಡ್ಡ ಫಾರಂಗಳಿಗೆ ಇನ್ನೊಂದು ಮಿತಿಯಿದೆ. ಸಾವಿರಾರು ನಕಲಿ ಹೆಸರುಗಳನ್ನು ಕಳಿಸಿ ಸರ್ವರನ್ನು ಉಸಿರುಗಟ್ಟಿಸುವ ದಾಳಿ 2011ರ ಕೊನೆಯಲ್ಲಿ ಬಹಿರಂಗವಾದ ಮೇಲೆ, 2012ರ ಜನವರಿಯಲ್ಲಿ ಬಂದ ಪಿಎಚ್‌ಪಿ 5.3.9 ಒಂದು ಸಲ್ಲಿಕೆಯಲ್ಲಿ 1000 ಮೌಲ್ಯಗಳಿಗಷ್ಟೇ ಅವಕಾಶ ಕೊಟ್ಟಿತು. ಬೇಕಾದವರು ಮಿತಿಯನ್ನು ಏರಿಸಬಹುದು. ಏರಿಸದಿದ್ದರೆ, ಶಾಲೆಯೊಂದು 300 ಮಕ್ಕಳ ಅಂಕಗಳನ್ನು ತಲಾ ನಾಲ್ಕು ಫೀಲ್ಡಿನಂತೆ ಕಳಿಸಿದಾಗ ಕೊನೆಯ 50 ಮಕ್ಕಳ ಅಂಕಗಳು ಪ್ರೋಗ್ರಾಮಿನ ಕೈಗೆ ಸಿಗುವುದೇ ಇಲ್ಲ. ಒಟ್ಟು ಸಾಲುಗಳ ಸಂಖ್ಯೆಯನ್ನು ಫಾರಂನ ಮೊದಲ ಫೀಲ್ಡಿನಲ್ಲೇ ಕಳಿಸಿ, ಲೆಕ್ಕ ತಾಳೆಯಾಗದಿದ್ದರೆ ಏನನ್ನೂ ಉಳಿಸದೆ ಸಲ್ಲಿಕೆಯನ್ನು ಹಿಂತಿರುಗಿಸುವುದು ಇದಕ್ಕೆ ಸುಲಭದ ಪರಿಹಾರ.